ಬೇಡವಾದ ಯುದ್ಧವನ್ನು ನಿಲ್ಲಿಸಬಲ್ಲ ಅಭ್ಯರ್ಥಿ ಯಾರು?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಒಂದು ದೇಶ ದೂರದ ನೆಲದಲ್ಲಿ ಯುದ್ಧಕ್ಕಿಳಿದು, ಆ ಯುದ್ಧ ಸ್ವಂತ ಜನರಿಗೇ ಬೇಡವಾದ ಹೊತ್ತಿಗೆ ಚುನಾವಣೆ ಬಂದರೆ, ಕಣದಲ್ಲಿರುವವರೆಲ್ಲ ‘ನಾನು ಗೆದ್ದರೆ ಯುದ್ಧ ನಿಲ್ಲಿಸುತ್ತೇನೆ’ ಎನ್ನುತ್ತಾರೆ. ಅವರಲ್ಲಿ ನಿಜವಾಗಿ ನಿಲ್ಲಿಸಬಲ್ಲವರು ಯಾರು? ಮೊದಲಿನಿಂದಲೂ ಯುದ್ಧವನ್ನು ವಿರೋಧಿಸಿದವರೇ, ಸೇನೆಯಲ್ಲಿದ್ದು ಬಂದವರೇ, ಮಾತುಕತೆಯಲ್ಲಿ ನುರಿತವರೇ?

ಉತ್ತರ: ನೀವು ಹೆಸರಿಸಿದ ಮೂರೂ ಗುಣಗಳು ಕೆಲಸಕ್ಕೆ ಬರುವಂಥವೇ. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಇಂತಹ ಯುದ್ಧಗಳು ಹೇಗೆ ಮುಗಿದವು ಎಂಬುದನ್ನು ಓದುತ್ತ ಹೋದಂತೆ ನನಗೆ ಬೇರೊಂದು ಗುಣವೇ ಹೆಚ್ಚು ಮುಖ್ಯವಾಗಿ ಕಂಡಿದೆ. ಶತ್ರುವಿನ ಎದುರು ಕುಳಿತು ಮಾತನಾಡುವುದಕ್ಕೆ ಸಿದ್ಧರಿರುವವರು ಅನೇಕರು ಸಿಗುತ್ತಾರೆ. ತನ್ನ ಕಡೆಯವರಿಗೆ, ಅಂದರೆ ಸ್ವಂತ ಪಕ್ಷಕ್ಕೆ, ಸ್ವಂತ ಸೇನಾಧಿಕಾರಿಗಳಿಗೆ, ಯಾವ ಮಿತ್ರ ಸರ್ಕಾರದ ಪರವಾಗಿ ಯುದ್ಧ ನಡೆಯುತ್ತಿದೆಯೋ ಆ ಸರ್ಕಾರಕ್ಕೆ, ‘ಇನ್ನು ಸಾಕು’ ಎಂದು ಹೇಳಿ ಅವರ ಸಿಟ್ಟನ್ನು ತಾಳಿಕೊಳ್ಳಬಲ್ಲವರು ಬಹಳ ವಿರಳ. ಯುದ್ಧ ನಿಲ್ಲಿಸಿದವರು ಆ ವಿರಳರೇ.

ದಕ್ಷಿಣ ಕೊರಿಯಾದ ಪರವಾಗಿ ಅಮೆರಿಕ, ಉತ್ತರ ಕೊರಿಯಾ ಮತ್ತು ಚೀನಾದ ವಿರುದ್ಧ ಕಾದಾಡಿದ ಕೊರಿಯಾ ಯುದ್ಧವನ್ನು ಮೊದಲು ನೋಡೋಣ. 1952ರ ಹೊತ್ತಿಗೆ ಅಮೆರಿಕದ ಜನ ಆ ಯುದ್ಧದಿಂದ ಬೇಸತ್ತಿದ್ದರು. 1951ರ ಜುಲೈನಲ್ಲಿ ಆರಂಭವಾಗಿದ್ದ ಕದನವಿರಾಮದ ಮಾತುಕತೆ, ಸ್ವದೇಶಕ್ಕೆ ಮರಳಲು ಒಲ್ಲದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಸಿಕ್ಕಿಹಾಕಿಕೊಂಡಿತ್ತು. ಇತ್ತ ರಣರಂಗದಲ್ಲಿ ಗುಡ್ಡವೊಂದನ್ನು ಹಿಡಿಯುವುದು, ಬಿಡುವುದು, ಮತ್ತೆ ಅದಕ್ಕೇ ಪ್ರಾಣ ತೆರುವುದು ನಡೆದೇ ಇತ್ತು. ಆ ವರ್ಷದ ಅಕ್ಟೋಬರ್ 24ರಂದು ಡೆಟ್ರಾಯಿಟ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಐಸೆನ್‌ಹೋವರ್ ‘ನಾನು ಕೊರಿಯಾಕ್ಕೆ ಹೋಗುತ್ತೇನೆ’ ಎಂದು ಘೋಷಿಸಿದರು. ಹೋಗಿ ಏನು ಮಾಡುತ್ತಾರೆಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಗೆದ್ದ ಮೇಲೆ, ಅಧಿಕಾರ ವಹಿಸಿಕೊಳ್ಳುವ ಮುಂಚೆಯೇ, ಡಿಸೆಂಬರ್ ಮೊದಲ ವಾರದ ಕೊರೆಯುವ ಚಳಿಯಲ್ಲಿ ಅವರು ಅಲ್ಲಿಗೆ ಹೋದರು. ಸೈನಿಕರ ನಡುವೆ ಕುಳಿತು ಊಟ ಮಾಡಿದರು. ಸಣ್ಣ ವಿಮಾನವೊಂದರಲ್ಲಿ ರಣರಂಗದ ಮೇಲೆ ಹಾರಿ, ಕೆಳಗಿನ ಕಡಿದಾದ ಬೆಟ್ಟಸಾಲುಗಳನ್ನೂ ಅವುಗಳಲ್ಲಿ ಬೇರೂರಿದ್ದ ಶತ್ರುವಿನ ಕಂದಕಗಳನ್ನೂ ನೋಡಿದರು. ಅವರ ಸ್ವಂತ ಮಗ ಆಗ ಅದೇ ಯುದ್ಧಭೂಮಿಯಲ್ಲಿ ಅಧಿಕಾರಿಯಾಗಿದ್ದ. ಸಣ್ಣ ಗುಡ್ಡಗಳ ಮೇಲೆ ಸಣ್ಣ ದಾಳಿಗಳನ್ನು ನಡೆಸುತ್ತಾ ಹೋದರೆ ಈ ಯುದ್ಧ ಮುಗಿಯುವುದಿಲ್ಲ ಎಂಬ ತೀರ್ಮಾನದೊಂದಿಗೆ ಅವರು ಮರಳಿದರು.

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡದ್ದು ಇದಕ್ಕೆ ಎಷ್ಟು ನೆರವಾಯಿತು, ಅಣ್ವಸ್ತ್ರದ ಬೆದರಿಕೆ ಎಷ್ಟು ಕೆಲಸ ಮಾಡಿತು ಎಂಬುದರ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನಾನು ನಿಮ್ಮ ಗಮನ ಸೆಳೆಯಬಯಸುವುದು ಜೂನ್ ತಿಂಗಳ ಕಡೆಗೆ. ಒಪ್ಪಂದ ಇನ್ನೇನು ಕೈಗೂಡಲಿದೆ ಎನ್ನುವಾಗ, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅದನ್ನು ಮುರಿಯುವ ಉದ್ದೇಶದಿಂದಲೇ ಸುಮಾರು 27 ಸಾವಿರ ಕೈದಿಗಳನ್ನು ಶಿಬಿರಗಳಿಂದ ಬಿಡಿಸಿ ಕಳಿಸಿದರು. ಕೊರಿಯಾ ಒಂದಾಗುವವರೆಗೆ ಯುದ್ಧ ನಿಲ್ಲಕೂಡದು ಎಂಬುದು ಅವರ ಹಟವಾಗಿತ್ತು. ಐಸೆನ್‌ಹೋವರ್ ಆ ಹಟಕ್ಕೆ ಮಣಿಯಲಿಲ್ಲ. ರಕ್ಷಣಾ ಒಪ್ಪಂದದ ಭರವಸೆ ಕೊಟ್ಟರು, ನೆರವು ಕೊಟ್ಟರು, ಆದರೆ ಯುದ್ಧವನ್ನು ಮುಂದುವರಿಸಲು ಒಪ್ಪಲಿಲ್ಲ. ದಕ್ಷಿಣ ಕೊರಿಯಾ ಸಹಿ ಹಾಕದೆಯೇ ಕದನವಿರಾಮ ಜಾರಿಗೆ ಬಂತು. ಗಡಿ ಹೆಚ್ಚುಕಡಿಮೆ ಯುದ್ಧ ಆರಂಭವಾದ ಜಾಗದಲ್ಲೇ ನಿಂತಿತು. ಸುಮಾರು 36 ಸಾವಿರ ಅಮೆರಿಕನ್ನರೂ ಅದರ ಎಷ್ಟೋ ಪಟ್ಟು ಕೊರಿಯನ್ನರೂ ಚೀನೀಯರೂ ಸತ್ತ ಮೇಲೆ ಇಂತಹ ಫಲವನ್ನು ಜನರ ಮುಂದಿಡುವುದು ಸುಲಭವಾಗಿರಲಿಲ್ಲ, ಅವರ ಪಕ್ಷದ ಕೆಲವು ಸೆನೆಟರ್‌ಗಳಿಗಂತೂ ಅದು ಹಿಡಿಸಲೇ ಇಲ್ಲ.

ಹಾಗಾದರೆ ಸೇನೆಯ ಹಿನ್ನೆಲೆಯೇ ಕಾರಣವಲ್ಲವೇ ಎಂದು ನೀವು ಕೇಳಬಹುದು. ಎರಡನೆಯ ಮಹಾಯುದ್ಧವನ್ನು ಗೆದ್ದ ಸೇನಾಪತಿಯನ್ನು ಯಾರೂ ಹೇಡಿ ಎನ್ನಲಾರರು. ಆ ಹೆಸರು ಅವರಿಗೆ ಗುರಾಣಿಯಾಯಿತು, ನಿಜ. ಆದರೆ ಗುರಾಣಿ ಇದ್ದವರೆಲ್ಲ ಅದನ್ನು ಶಾಂತಿಗಾಗಿ ಬಳಸುವುದಿಲ್ಲ. ವಿಯೆಟ್ನಾಂ ಯುದ್ಧದ ನಡುವೆ ಬಂದ 1968ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ, ಕಟ್ಟಾ ಕಮ್ಯುನಿಸ್ಟ್ ವಿರೋಧಿಯೆಂದು ಹೆಸರಾಗಿದ್ದ ಅಭ್ಯರ್ಥಿ ನಿಕ್ಸನ್ ಅವರನ್ನೂ ಮೆದು ಮನಸ್ಸಿನವರೆಂದು ಯಾರೂ ಹಳಿಯುವಂತಿರಲಿಲ್ಲ. ಹೊಸ ನಾಯಕತ್ವವು ಯುದ್ಧವನ್ನು ಮುಗಿಸಿ ಶಾಂತಿಯನ್ನು ಗೆಲ್ಲುತ್ತದೆ ಎಂದು ಅವರು ಮತದಾರರಿಗೆ ಹೇಳಿದರು. ಆ ಮಾತಿನಲ್ಲಿದ್ದ ‘ಗೆಲ್ಲುವ’ ಪದವನ್ನು ಅಂದು ಹೆಚ್ಚು ಜನ ಗಮನಿಸಲಿಲ್ಲವೆಂದು ನನಗೆ ಅನಿಸುತ್ತದೆ. ದಕ್ಷಿಣ ವಿಯೆಟ್ನಾಂ ಸರ್ಕಾರ ಪ್ಯಾರಿಸ್‌ನ ಶಾಂತಿ ಮಾತುಕತೆಗೆ ಬರದಂತೆ ಆ ಸರ್ಕಾರದೊಂದಿಗೆ ಒಳಸಂಪರ್ಕ ಇಟ್ಟುಕೊಳ್ಳಲು ಅವರು ಸೂಚಿಸಿದ್ದರೆಂಬುದು, ಅವರ ಆಪ್ತ ಹಾಲ್ಡ್‌ಮನ್ ಅವರ ಕೈಬರಹದ ಟಿಪ್ಪಣಿಗಳಿಂದ ಬಹಳ ವರ್ಷಗಳ ನಂತರ ಬೆಳಕಿಗೆ ಬಂತು. ಯಾವ ಸರ್ಕಾರಕ್ಕೆ ಸಾಕು ಎನ್ನಬೇಕಿತ್ತೋ ಅದಕ್ಕೆ ಸ್ವಲ್ಪ ತಾಳಿ ಎಂದವರು ಅವರು. ಪ್ಯಾರಿಸ್ ಒಪ್ಪಂದ ಆದದ್ದು 1973ರ ಜನವರಿ 27ರಂದು. ಅವರು ಅಧಿಕಾರಕ್ಕೆ ಬಂದ ಮೇಲೆಯೇ 20 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ ಸತ್ತವರ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದು.

ಅವರ ಎದುರಾಳಿ ಹ್ಯೂಬರ್ಟ್ ಹಂಫ್ರಿ ಅವರ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಉಪಾಧ್ಯಕ್ಷರಾಗಿದ್ದ ಅವರು 1965ರ ಫೆಬ್ರವರಿಯಲ್ಲೇ, ಯುದ್ಧವನ್ನು ಹಿಗ್ಗಿಸಬೇಡಿ ಎಂದು ಅಧ್ಯಕ್ಷ ಜಾನ್ಸನ್ ಅವರಿಗೆ ಗುಟ್ಟಾಗಿ ಬರೆದಿದ್ದರು. ಅದಕ್ಕಾಗಿ ಮುಖ್ಯ ಸಮಾಲೋಚನೆಗಳಿಂದ ಅವರನ್ನು ದೂರ ಇಡಲಾಯಿತು. ಆಮೇಲೆ ಅವರು ಬಾಯಿ ಮುಚ್ಚಿಕೊಂಡರು, ಅಷ್ಟೇ ಅಲ್ಲ, ಯುದ್ಧವನ್ನು ಬಹಿರಂಗವಾಗಿ ಸಮರ್ಥಿಸಿದರು. ಜಾನ್ಸನ್ ಅವರಿಂದ ಸ್ವಲ್ಪವಾದರೂ ದೂರ ಸರಿದು ಮಾತನಾಡಿದ್ದು 1968ರ ಸೆಪ್ಟೆಂಬರ್ 30ರಂದು, ಸಾಲ್ಟ್ ಲೇಕ್ ಸಿಟಿಯಲ್ಲಿ. ಆ ಭಾಷಣದ ನಂತರ ಅವರ ಕಡೆಗೆ ಗಾಳಿ ಬೀಸತೊಡಗಿತು. ಆದರೂ ಒಂದು ಶೇಕಡಾಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಅವರು ಸೋತರು. ಸರಿಯಾದುದನ್ನು ಅರಿತಿರುವುದು ಬೇರೆ, ತನ್ನವರ ಎದುರು ಅದನ್ನು ಹೇಳುವುದು ಬೇರೆ.

ಮೊದಲಿನಿಂದ ವಿರೋಧಿಸಿದವರನ್ನೇ ನೆಚ್ಚುವುದರಲ್ಲಿ ಏನು ತೊಂದರೆ ಎಂಬುದಕ್ಕೆ ಫ್ರಾನ್ಸ್‌ನ ಗೀ ಮೊಲೆ ಅವರನ್ನು ನೋಡಬೇಕು. ಫ್ರಾನ್ಸ್‌ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ವಿರುದ್ಧ ನಡೆದ ಯುದ್ಧವನ್ನು ದಿಕ್ಕುದೆಸೆಯಿಲ್ಲದ ಮೂರ್ಖ ಯುದ್ಧವೆಂದು ಕರೆದೇ ಅವರ ಮೈತ್ರಿಕೂಟ 1956ರ ಜನವರಿಯಲ್ಲಿ ಚುನಾವಣೆ ಎದುರಿಸಿತು, ಅವರು ಪ್ರಧಾನಿಯಾದರು. ಫೆಬ್ರವರಿ 6ರಂದು ಅವರು ಅಲ್ಜೀರ್ಸ್ ನಗರದ ಹುತಾತ್ಮರ ಸ್ಮಾರಕಕ್ಕೆ ಹೂವಿನ ಗೌರವ ಸಲ್ಲಿಸಲು ಹೋದಾಗ, ಅಲ್ಲಿ ನೆಲೆಸಿದ್ದ ಫ್ರೆಂಚರು ಅವರ ಮೇಲೆ ಟೊಮೆಟೊ ಎಸೆದರು. ಸಂಧಾನದ ಒಲವಿದ್ದ ಜನರಲ್ ಕತ್ರೂ ಅವರನ್ನು ಅಲ್ಜೀರಿಯಾದ ಹೊಣೆಗೆ ನೇಮಿಸಿದ್ದರಷ್ಟೆ. ಆ ದಿನವೇ ಕತ್ರೂ ಹುದ್ದೆ ಬಿಟ್ಟರು, ಮೊಲೆ ಅದನ್ನು ಒಪ್ಪಿಕೊಂಡರು. ಮುಂದಿನ ತಿಂಗಳು ಸಂಸತ್ತಿನಿಂದ ವಿಶೇಷಾಧಿಕಾರ ಪಡೆದು, ಕಡ್ಡಾಯ ಸೇವೆಯ ಎಳೆಯ ಹುಡುಗರನ್ನು ಯುದ್ಧಕ್ಕೆ ಕಳಿಸಿ, ಅದೇ ವರ್ಷ ಅಲ್ಲಿನ ಸೇನೆಯ ಬಲವನ್ನು ಸುಮಾರು 4 ಲಕ್ಷಕ್ಕೆ ಏರಿಸಿದವರು ಇದೇ ಶಾಂತಿಯ ಅಭ್ಯರ್ಥಿ. ಅವರ ನಂಬಿಕೆ ಸುಳ್ಳಾಗಿತ್ತೆಂದು ನಾನು ಹೇಳಲಾರೆ. ತನ್ನವರ ಸಿಟ್ಟಿನ ಎದುರು ಅದು ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ.

ಕೊನೆಗೆ ಆ ಯುದ್ಧವನ್ನು ನಿಲ್ಲಿಸಿದ್ದು, ಎರಡನೆಯ ಮಹಾಯುದ್ಧದ ಕಾಲದ ಫ್ರೆಂಚ್ ನಾಯಕ ಜನರಲ್ ದ ಗಾಲ್. ಅವರು ನನ್ನ ವಾದಕ್ಕೆ ಬಲವೂ ಹೌದು, ತೊಡಕೂ ಹೌದು. 1958ರಲ್ಲಿ ಅವರನ್ನು ಅಧಿಕಾರಕ್ಕೆ ಕರೆತಂದದ್ದೇ ಅಲ್ಜೀರಿಯಾವನ್ನು ಬಿಡಕೂಡದೆಂದ ಸೇನೆ ಮತ್ತು ಅಲ್ಲಿನ ಫ್ರೆಂಚರು. ಅವರು ಮುಂದೆ ಏನು ಮಾಡುತ್ತಾರೆಂಬುದನ್ನು ಅಂದು ಯಾವ ಮತದಾರನೂ ಊಹಿಸುವಂತಿರಲಿಲ್ಲ. 1961ರ ಏಪ್ರಿಲ್‌ನಲ್ಲಿ ನಾಲ್ವರು ಜನರಲ್‌ಗಳು ಅಲ್ಜೀರ್ಸ್‌ನಲ್ಲಿ ದಂಗೆಯೆದ್ದಾಗ, ಅವರು ಸೇನಾ ಸಮವಸ್ತ್ರ ತೊಟ್ಟು ದೂರದರ್ಶನದಲ್ಲಿಯೂ ರೇಡಿಯೊದಲ್ಲಿಯೂ ಮಾತನಾಡಿ, ಈ ಜನರಲ್‌ಗಳ ಆಜ್ಞೆಯನ್ನು ಯಾರೂ ಪಾಲಿಸಕೂಡದೆಂದು ಅಪ್ಪಣೆ ಕೊಟ್ಟರು. ಬ್ಯಾರಕ್ಕುಗಳಲ್ಲಿದ್ದ ಸಾಮಾನ್ಯ ಸೈನಿಕರು ಟ್ರಾನ್ಸಿಸ್ಟರ್‌ಗಳಿಗೆ ಕಿವಿಯಿಟ್ಟು ಅದನ್ನು ಕೇಳಿಸಿಕೊಂಡರು. ಕೆಲವೇ ದಿನಗಳಲ್ಲಿ ದಂಗೆ ಕುಸಿಯಿತು. 1962ರ ಮಾರ್ಚ್ 18ರಂದು ಎವಿಯಾನ್ ಒಪ್ಪಂದವಾಯಿತು. ಆದರೆ ಅಧಿಕಾರಕ್ಕೆ ಬಂದ ಮೇಲೆ ಆ ದಿನದವರೆಗೆ ಸುಮಾರು ನಾಲ್ಕು ವರ್ಷ ರಕ್ತ ಹರಿದದ್ದನ್ನು ನಾವು ಮರೆಯಬಾರದು. ಬಾಯಿ ಬಿಡದ ನಾಯಕನೊಬ್ಬ ಒಳಗೊಳಗೇ ಶಾಂತಿಪ್ರಿಯನಿರಬಹುದೆಂಬ ಆಸೆಯ ಮೇಲೆ ಮತ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮತದಾರರು ಮುಂಚಿತವಾಗಿ ನೋಡಬಹುದಾದದ್ದು ಏನು? ಅಭ್ಯರ್ಥಿ ತನ್ನ ಬೆಂಬಲಿಗರ ಸಭೆಯಲ್ಲಿಯೇ ಅವರಿಗೆ ಕಹಿಯಾದ ಮಾತನ್ನು ಆಡಿದ್ದಾರೆಯೇ, ದಿನಾಂಕಕ್ಕೆ ಕಟ್ಟುಬಿದ್ದಿದ್ದಾರೆಯೇ, ಎಂಬ ಎರಡು ಸಂಗತಿಗಳು ನನಗೆ ಮುಖ್ಯ. 1954ರ ಜೂನ್‌ನಲ್ಲಿ ಮೆಂಡೆಸ್ ಫ್ರಾನ್ಸ್ ಅವರು ಪ್ರಧಾನಿ ಹುದ್ದೆಗೆ ಫ್ರೆಂಚ್ ಸಂಸತ್ತಿನ ಒಪ್ಪಿಗೆ ಕೇಳಿದಾಗ, ಜುಲೈ 20ರೊಳಗೆ ಇಂಡೋಚೀನಾದಲ್ಲಿ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಕದನವಿರಾಮ ತರುತ್ತೇನೆ, ಇಲ್ಲವಾದರೆ ರಾಜೀನಾಮೆ ಕೊಡುತ್ತೇನೆ ಎಂದರು. ಜಿನೀವಾದಲ್ಲಿ 20ರ ನಡುರಾತ್ರಿ ದಾಟಿ, 21ರ ಬೆಳಗಿನ ಜಾವ ಸಹಿಗಳು ಬಿದ್ದವು. ಇಸ್ರೇಲ್‌ನ ಎಹೂದ್ ಬರಾಕ್ 1999ರ ಚುನಾವಣೆಯಲ್ಲಿ, ಒಂದು ವರ್ಷದೊಳಗೆ ಲೆಬನಾನ್‌ನಿಂದ ಸೇನೆಯನ್ನು ಕರೆತರುವುದಾಗಿ ಮಾತು ಕೊಟ್ಟರು. ಸೇನೆಯ ಹಿರಿಯರು ಒಪ್ಪಂದವಿಲ್ಲದೆ ಹಿಂದೆ ಸರಿಯುವುದನ್ನು ವಿರೋಧಿಸಿದರೂ 2000ದ ಮೇ 24ಕ್ಕೆ ಆ ಕೆಲಸ ಮುಗಿದಿತ್ತು. ದಿನಾಂಕ ಕೊಟ್ಟರೆ ಶತ್ರು ಕಾಯುತ್ತಾನೆ ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ದಿನಾಂಕವಿಲ್ಲದಿದ್ದರೆ ಸ್ವಂತ ಸರ್ಕಾರವೇ ಕಾಯುತ್ತ ಕೂರುತ್ತದೆ.

ಅಭ್ಯರ್ಥಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಹೊಣೆ ನಮ್ಮದೂ ಹೌದು. ಇರಾಕ್ ಯುದ್ಧವನ್ನು 2002ರಲ್ಲೇ ವಿರೋಧಿಸಿದ್ದ ಒಬಾಮಾ, 2008ರಲ್ಲಿ ಅಫ್ಘಾನಿಸ್ತಾನಕ್ಕೆ ಇನ್ನಷ್ಟು ಸೇನೆ ಕಳಿಸುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. 2009ರ ಡಿಸೆಂಬರ್‌ನಲ್ಲಿ ಅವರು 30 ಸಾವಿರ ಸೈನಿಕರನ್ನು ಹೆಚ್ಚುವರಿಯಾಗಿ ಕಳಿಸಿದಾಗ ಬೆಚ್ಚಿದವರು, ಭಾಷಣದ ಅರ್ಧವನ್ನಷ್ಟೇ ಕೇಳಿದ್ದವರು.

ಬೆಲೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಫ್ಘಾನಿಸ್ತಾನದಲ್ಲಿ 2,500 ಸೈನಿಕರನ್ನಾದರೂ ಉಳಿಸಿಕೊಳ್ಳಬೇಕೆಂಬುದು ತಮ್ಮ ಅಭಿಪ್ರಾಯವಾಗಿತ್ತೆಂದು ಅಮೆರಿಕದ ಹಿರಿಯ ಜನರಲ್‌ಗಳು ನಂತರ ಸಂಸತ್ತಿನ ಮುಂದೆ ಹೇಳಿದರು. ಬೈಡನ್ ಅದನ್ನು ಕೇಳದೆ, ಟ್ರಂಪ್ ಸರ್ಕಾರ ದೋಹಾದಲ್ಲಿ ತಾಲಿಬಾನ್ ಜೊತೆ ಮಾಡಿಕೊಂಡಿದ್ದ ಒಪ್ಪಂದದ ದಾರಿಯಲ್ಲೇ ನಡೆದು, 2021ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷಗಳ ಯುದ್ಧದಿಂದ ಹೊರಬಂದರು. ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ದ್ವಾರದ ಬಳಿ ನಡೆದ ಸ್ಫೋಟದಲ್ಲಿ 13 ಅಮೆರಿಕನ್ ಸೈನಿಕರೂ ಸುಮಾರು 170 ಅಫ್ಘನ್ನರೂ ಸತ್ತರು. ಹೊರಬಂದದ್ದು ಸರಿ, ಹೊರಬಂದ ರೀತಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮನ್ನು ನಂಬಿ ಕೆಲಸ ಮಾಡಿದ ಅಲ್ಲಿನ ಜನರನ್ನು ಹೇಗೆ ಕಾಪಾಡುತ್ತೀರಿ ಎಂಬ ಪ್ರಶ್ನೆಯನ್ನು ಸೇನೆ ಹಿಂತೆಗೆಯುವ ಮಾತಾಡುವ ಪ್ರತಿಯೊಬ್ಬ ಅಭ್ಯರ್ಥಿಗೂ ಮತದಾನದ ಮುಂಚೆಯೇ ಕೇಳಬೇಕು.

ಪ್ರಶ್ನೆ: ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಯಾರ ಮೇಲೂ ನಂಬಿಕೆ ಹುಟ್ಟದಿದ್ದರೆ ಮತದಾರರಿಗೆ ಬೇರೆ ದಾರಿಯೇ ಇಲ್ಲವೇ?

ಉತ್ತರ: ಇದೆ. ಯುದ್ಧಕ್ಕೆ ಹಣ ಬೇಕು, ಆ ಹಣವನ್ನು ಮಂಜೂರು ಮಾಡುವುದು ಶಾಸನಸಭೆ. ಆದ್ದರಿಂದ ಸಂಸದರ ಚುನಾವಣೆಯನ್ನು ಹಗುರವಾಗಿ ಕಾಣಬೇಡಿ. 1973ರ ಬೇಸಿಗೆಯಲ್ಲಿ ಅಮೆರಿಕದ ಕಾಂಗ್ರೆಸ್, ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿಗೆ ಹಣ ನಿಲ್ಲಿಸುವ ಮಸೂದೆಯನ್ನು ಅಂಗೀಕರಿಸಿತು. ನಿಕ್ಸನ್ ಅದನ್ನು ತಡೆದರು. ಕಾಂಗ್ರೆಸ್ ಬಿಡದೆ ಒತ್ತಡ ಹೇರಿದ್ದರಿಂದ ಅವರು ಆಗಸ್ಟ್ 15ರ ಗಡುವಿಗೆ ಒಪ್ಪಿಕೊಳ್ಳಬೇಕಾಯಿತು. ಆ ದಿನ ಬಾಂಬ್ ದಾಳಿ ನಿಂತಿತು. ಅಧ್ಯಕ್ಷರಾಗಿ ಆಗಲೂ ನಿಕ್ಸನ್ ಅವರೇ ಇದ್ದರು.