ನಡತೆಗೆ ಎಷ್ಟು ಅಂಕ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಖಾಸಗಿ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಯಹೂದಿ ಶಾಲೆಯೊಂದನ್ನು ನೋಡಿ ಬಂದರು. ಆ ಮಕ್ಕಳು ಓದಿನಲ್ಲೂ ಮುಂದು, ನಡತೆಯಲ್ಲೂ ಮುಂದು, ಸಮಾಜಸೇವೆಯೂ ಮಾಡುತ್ತಾರೆ ಎಂದು ಒಂದೇ ಹೊಗಳಿಕೆ. ಜೂನ್‌ನಿಂದ ನಮ್ಮ ಅಂಕಪಟ್ಟಿಯಲ್ಲೂ ನಡತೆಗೆ ಇಪ್ಪತ್ತು ಅಂಕ, ಜೊತೆಗೆ ಕಡ್ಡಾಯ ಸೇವಾ ಗಂಟೆಗಳು. ಪ್ರಾಮಾಣಿಕತೆಗೆ ಐದು, ವಿನಯಕ್ಕೆ ಐದು, ಹೀಗೆ. ನಲವತ್ತೆಂಟು ಮಕ್ಕಳ ವಿನಯವನ್ನು ನಾನು ಹೇಗೆ ಅಳೆಯಲಿ? ಆ ಶಾಲೆಗಳಲ್ಲಿ ಹೇಗೆ ಮಾಡುತ್ತಾರೆ?
– ಶಿಕ್ಷಕಿ, ಬನಶಂಕರಿ

ಉತ್ತರ: ವಿನಯದಲ್ಲಿ ಐದಕ್ಕೆ ಮೂರೂವರೆ ಬಂದ ಹುಡುಗನ ತಂದೆ ಉಳಿದ ಒಂದೂವರೆ ಎಲ್ಲಿ ಹೋಯಿತೆಂದು ಜಗಳಕ್ಕೆ ಬರುತ್ತಾರೆ, ಅದಕ್ಕೆ ಮೊದಲು ಸಿದ್ಧರಾಗಿ. ಈ ಪ್ರಯೋಗ ಹೊಸದೇನಲ್ಲ. ಸಿಬಿಎಸ್‌ಇ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ತಂದಾಗ ಮನೋಭಾವಕ್ಕೂ ಮೌಲ್ಯಗಳಿಗೂ ಶ್ರೇಣಿ ಕೊಡಿಸಿತು; 2017ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟಿತು. ನಡುವಿನ ವರ್ಷಗಳಲ್ಲಿ ‘ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾನೆ’ ಎಂಬ ಒಂದೇ ವಾಕ್ಯ ಇಡೀ ತರಗತಿಯ ಷರಾ ಆಗಿ ಇಳಿದದ್ದನ್ನು ಬಲ್ಲ ಶಿಕ್ಷಕರು ನಿಮ್ಮ ಸ್ಟಾಫ್ ರೂಮಿನಲ್ಲೇ ಇರಬಹುದು, ಕೇಳಿ ನೋಡಿ.

ಯಹೂದಿ ಶಾಲೆಗಳ ವಿಷಯಕ್ಕೆ ಬರೋಣ. ದಿನದ ಒಂದು ಪಾಲು ಹೀಬ್ರೂ ಮತ್ತು ಧರ್ಮಗ್ರಂಥಗಳಿಗೆ, ಇನ್ನೊಂದು ಪಾಲು ಗಣಿತ, ವಿಜ್ಞಾನ, ಇಂಗ್ಲಿಷಿಗೆ. ಅನೇಕ ಶಾಲೆಗಳಲ್ಲಿ ಸೇವಾ ಗಂಟೆಗಳೂ ಉಂಟು. ನಿಮ್ಮ ಕಾರ್ಯದರ್ಶಿಗಳ ಕಣ್ಣಿಗೆ ಬಿದ್ದದ್ದು ಇಷ್ಟು. ಆದರೆ ಗ್ರಂಥಪಾಠದ ಕೋಣೆಯಲ್ಲಿ ಅವರು ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಿತ್ತು. ಅಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಓದುತ್ತಾರೆ. ಇದಕ್ಕೆ ಹವ್ರೂತಾ ಎನ್ನುತ್ತಾರೆ. ಇಬ್ಬರ ಮುಂದೆ ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್‌ನ ಒಂದು ಪುಟ: ನಡುವೆ ಮೂಲ, ಒಂದು ಪಕ್ಕದಲ್ಲಿ ಹನ್ನೊಂದನೆಯ ಶತಮಾನದ ರಾಶಿ ಎಂಬ ಪಂಡಿತ ಬರೆದ ಟೀಕೆ, ಮತ್ತೊಂದು ಪಕ್ಕದಲ್ಲಿ ಆತನ ನಂತರದ ಪಂಡಿತರ ತಕರಾರು. ಒಬ್ಬ ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಾನೆ, ಇನ್ನೊಬ್ಬ ಅಲ್ಲಲ್ಲೇ ತಡೆದು ‘ಅದು ಹೇಗೆ?’ ಎನ್ನುತ್ತಾನೆ. ಇಡೀ ಕೋಣೆಯೇ ಸಂತೆ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಬೆಳೆದ ನಮ್ಮಂಥವರಿಗೆ ಶಿಸ್ತೇ ಇಲ್ಲ ಅನ್ನಿಸುತ್ತದೆ. ಆದರೆ ಒಬ್ಬ ತಯಾರಾಗದೆ ಬಂದರೆ ಮತ್ತೊಬ್ಬನ ಓದು ಅಲ್ಲಿಗೇ ನಿಂತಿತು. ಜೊತೆಗಾರನಿಗೆ ತಾನು ಬೇಕು ಎಂಬುದು ಆ ಮಗುವಿಗೆ ದಿನವೂ ಗೊತ್ತಾಗುತ್ತದೆ. ಅದಕ್ಕೆ ಐದು ಅಂಕ ಕೊಡುವ ಅಗತ್ಯ ಬೀಳುವುದಿಲ್ಲ.

ಅದೇ ತಾಲ್ಮುದ್‌ನಲ್ಲಿ ಮೂರನೆಯ ಶತಮಾನದ ರಾವ್ ಎಂಬ ಗುರು ಒಬ್ಬ ಮೇಷ್ಟರಿಗೆ ಹೇಳಿದ ಮಾತಿದೆ. ಹೊಡೆಯಲೇಬೇಕಾದರೆ ಚಪ್ಪಲಿಯ ದಾರದಿಂದಷ್ಟೇ ಹೊಡೆ. ಓದುವವನು ಓದುತ್ತಾನೆ, ಓದದವನು ಓದುವವನಿಗೆ ಜೊತೆಯಾಗಿ ಕುಳಿತಿರಲಿ. ಹಿಂದಿನ ಬೆಂಚಿನ ಹುಡುಗನನ್ನು ಹೊರಗೆ ನಿಲ್ಲಿಸು ಎನ್ನಲಿಲ್ಲ, ನೋಡಿ. (ದಾರದಿಂದಲೂ ಹೊಡೆಯಬೇಡಿ, ಈಗ ಕಾನೂನಿದೆ.)

ಇನ್ನು ನಿಮ್ಮ ನಲವತ್ತೆಂಟು. ಊರೂರಿಗೂ ಮಕ್ಕಳಿಗಾಗಿ ಮೇಷ್ಟರನ್ನು ನೇಮಿಸುವ ವ್ಯವಸ್ಥೆಯನ್ನು ಮೊದಲ ಶತಮಾನದ ಪ್ರಧಾನ ಅರ್ಚಕ ಯೆಹೋಶುವ ಬೆನ್ ಗಮ್ಲಾ ಮಾಡಿದರೆಂದು ತಾಲ್ಮುದ್ ಸ್ಮರಿಸುತ್ತದೆ. ಮುಂದೆ ರಾವಾ ಎಂಬ ಪಂಡಿತ ಲೆಕ್ಕವನ್ನೂ ಕಟ್ಟಿಟ್ಟ: ಒಬ್ಬ ಮೇಷ್ಟರಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, ಅವನ ಖರ್ಚಿಗೆ ಊರಿನ ನೆರವು, 50 ಆದರೆ ಇಬ್ಬರು ಮೇಷ್ಟರು. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯೂ ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೊಬ್ಬರು ಶಿಕ್ಷಕರು ಎನ್ನುತ್ತದೆ. ಕಾರ್ಯದರ್ಶಿಗಳು ಯಹೂದಿಗಳಿಂದ ಕಲಿಯಲು ಹೊರಟಿದ್ದರೆ ಮೊದಲು ಈ ಲೆಕ್ಕವನ್ನು ಕಲಿಯಲಿ. ಇದಕ್ಕೆ ದುಡ್ಡು ಬೇಕು, ವಿನಯದ ಕಾಲಮ್ಮಿಗೆ ಮುದ್ರಣದ ಖರ್ಚು ಸಾಕು.

ಸೇವಾ ಗಂಟೆಗಳ ಬಗ್ಗೆ ಇನ್ನೊಂದು ಮಾತು. ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು, ಸಾಲವನ್ನೋ ಕೆಲಸವನ್ನೋ ಕೊಟ್ಟು ಒಬ್ಬ ಇನ್ನು ಕೈಚಾಚದಂತೆ ಮಾಡುವುದು. ಅದರ ಕೆಳಗಿನದು, ಕೊಟ್ಟವನಿಗೆ ಪಡೆದವನು ಯಾರೆಂದು ತಿಳಿಯದೆ, ಪಡೆದವನಿಗೆ ಕೊಟ್ಟವನು ತಿಳಿಯದೆ ನಡೆಯುವ ದಾನ. ವೃದ್ಧಾಶ್ರಮದಲ್ಲಿ ಬೆಡ್‌ಶೀಟ್ ಹಂಚಿ, ಅಜ್ಜಿಯ ಭುಜದ ಮೇಲೆ ಕೈಯಿಟ್ಟು ಫೋಟೊ ತೆಗೆಸಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದು ಎಷ್ಟನೆಯ ಮೆಟ್ಟಿಲು ಎಂದು ನಿಮ್ಮ ಸಭೆಯಲ್ಲೇ ಕೇಳಿ.

ಪ್ರಶ್ನೆ: ನಮ್ಮ ದೇಶದಲ್ಲೂ ಯಹೂದಿ ಶಾಲೆಗಳಿವೆಯೇ? ಬೆಂಗಳೂರಿನಲ್ಲಿ ಯಹೂದಿಗಳು ಇದ್ದರೇ?
– ಪದವಿ ವಿದ್ಯಾರ್ಥಿ, ಫ್ರೇಜರ್ ಟೌನ್

ಉತ್ತರ: ನಿಮ್ಮ ಬಡಾವಣೆಯಲ್ಲೇ ಇದ್ದಾರೆ, ಮಣ್ಣಿನಡಿ. ಮಾಸ್ಕ್ ರಸ್ತೆಯ ಯಹೂದಿ ಸ್ಮಶಾನ 1904ರದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬೆನ್ ಮೋಸೆಸ್ ಅವರ ಪಾದರಕ್ಷೆಯ ಅಂಗಡಿ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು.

ಶಾಲೆ ನೋಡಬೇಕಾದರೆ ಮುಂಬೈಗೋ ಕೋಲ್ಕತ್ತಕ್ಕೋ ಹೋಗಬೇಕು. ಕೋಲ್ಕತ್ತದ ಯಹೂದಿ ಬಾಲಿಕಾ ಶಾಲೆ 1881ರಲ್ಲಿ ಆರಂಭವಾಯಿತು. ಊರಿನಲ್ಲಿ ಈಗ ಯಹೂದಿಗಳು ಬೆರಳೆಣಿಕೆಯಷ್ಟು. ಶಾಲೆಯಲ್ಲಿ ಓದುವವರು ಬಹುಪಾಲು ಮುಸ್ಲಿಂ ಹುಡುಗಿಯರು. ತಮ್ಮ ಮಕ್ಕಳೇ ಇಲ್ಲ ಎಂದು ಬಾಗಿಲು ಹಾಕಲಿಲ್ಲ. ಸಮುದಾಯದ ಶಾಲೆ ಎಂದರೇನು ಎಂದು ನನ್ನೊಡನೆ ವಾದಿಸುವವರಿಗೆ ನಾನು ಈ ಶಾಲೆಯ ವಿಳಾಸ ಕೊಡುತ್ತೇನೆ.

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿ, ಯಾವಾಗಲೂ ಮೊದಲ ಸ್ಥಾನ. ಗಣಿತದ ಮೇಷ್ಟರು ಅವಳನ್ನು ಮೂವತ್ತೆಂಟು ಅಂಕ ತೆಗೆಯುವ ಹುಡುಗಿಯ ಪಕ್ಕ ಕೂರಿಸಿದ್ದಾರೆ. ಆ ಹುಡುಗಿ ಎಲ್ಲಕ್ಕೂ ‘ಯಾಕೆ’ ಎಂದು ಕೇಳುತ್ತಾಳಂತೆ. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಇದು ಬೇಕೆ? ಜಾಗ ಬದಲಿಸಿ ಎಂದು ಅರ್ಜಿ ಬರೆದಿಟ್ಟಿದ್ದೇನೆ.
– ತಂದೆ, ಯಲಹಂಕ

ಉತ್ತರ: ಮೇಲೆ ಹೇಳಿದ ತಾಲ್ಮುದ್‌ನದೇ ಇನ್ನೊಂದು ಪ್ರಸಂಗ ಕೇಳಿ. ಯೋಹಾನಾನ್ ಎಂಬ ದೊಡ್ಡ ಗುರು. ಅವನ ಓದಿನ ಜೊತೆಗಾರ ರೇಶ್ ಲಾಕಿಶ್, ಹಿಂದೆ ದರೋಡೆಕೋರನಾಗಿದ್ದವನು. ರೇಶ್ ಲಾಕಿಶ್ ತೀರಿಕೊಂಡಾಗ ಯೋಹಾನಾನ್ ಕಂಗೆಟ್ಟ. ಸಮಾಧಾನಕ್ಕೆಂದು ಎಲಾಜಾರ್ ಎಂಬ ಬುದ್ಧಿವಂತನನ್ನು ಕಳುಹಿಸಿದರು. ಗುರು ಏನೇ ಹೇಳಲಿ, ‘ಇದಕ್ಕೆ ಇಂಥಲ್ಲಿ ಆಧಾರವಿದೆ’ ಎಂದು ಇವನು ತಲೆಯಾಡಿಸುತ್ತಿದ್ದ. ಗುರು ರೇಗಿದ: ನಾನು ಹೇಳಿದ್ದು ಸರಿಯೆಂದು ನನಗೆ ಗೊತ್ತಿಲ್ಲವೇ? ಅವನಾದರೆ ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ತನಾಲ್ಕು ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ತೆರೆದುಕೊಳ್ಳುತ್ತಿತ್ತು.

ಈಗ ಗಣಿತದ ಮೇಷ್ಟರಾಗಿ ನಿವೃತ್ತಳಾದವಳ ಮಾತು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಥೇಲ್ಸ್ ಪ್ರಮೇಯವನ್ನು ನಿಮ್ಮ ಮಗಳು ಒಂದಕ್ಷರ ಬಿಡದೆ ಬರೆಯುತ್ತಾಳೆ, ಒಪ್ಪಿದೆ. ಅದರ ಸಾಧನೆಯ ನಡುವೆ ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರುತ್ತದಲ್ಲ, ಅದು ಯಾಕೆ ಸಮ ಎಂದು ಕೇಳಿ. ಒಂದೇ ಪಾದ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ ಎಂದು ಪುಸ್ತಕದ ಸಾಲು ಒಪ್ಪಿಸಿದರೆ ಬಿಡಬೇಡಿ. ಹಾಗಿದ್ದರೆ ಯಾಕೆ ಸಮವಾಗಬೇಕು ಎಂದು ಮತ್ತೆ ಕೇಳಿ. ಎರಡರ ಎತ್ತರವೂ ಒಂದೇ ಎಂಬ ಮಾತು ಅವಳ ಬಾಯಿಂದ ಬಂದರೆ ಸರಿ. ತಡವರಿಸಿದರೆ, ಪಕ್ಕದ ಹುಡುಗಿ ದಿನವೂ ಕೇಳುತ್ತಿರುವುದು ಇದನ್ನೇ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಆ ಅರ್ಜಿ ನಿಮ್ಮ ಬೀರುವಿನಲ್ಲೇ ಇರಲಿ.