ಮಾವಿನಕಾಯಿಯ ಕಾರ್ಬೈಡ್ ಅಲ್ಲ ಸ್ವಾಮಿ!

ಪ್ರಶ್ನೆ: ಕ್ಯಾನ್ಸರ್ ಚಿಕಿತ್ಸೆಯ ಐಸೊಟೋಪ್ ತಯಾರಿಸೋಕೆ ಕಾರ್ಬೈಡ್ ಬಳಸ್ತಾರಂತಲ್ಲ ಸಾರ್, ಮಾವಿನಕಾಯಿ ಹಣ್ಣು ಮಾಡೋ ಪುಡಿನೇನಾ? ಕಾರ್ಬೈಡೇ ಯಾಕೆ, ಬರೀ ಲೋಹ ಸಾಲದಾ? (ಕುವೆಂಪುನಗರ, ಮೈಸೂರು)

ಮಾವಿನ ಕಾಲ ಬಂದರೆ ಸಾಕು, ಈ ಪ್ರಶ್ನೆಯೂ ಬರುತ್ತೆ. ಅಲ್ಲ. ಅದು ಕ್ಯಾಲ್ಸಿಯಂ ಕಾರ್ಬೈಡ್, ಹಣ್ಣಿಗೆ ಇಡೋದು ಕಾನೂನಿಗೇ ವಿರುದ್ಧ. ಇದು ಯುರೇನಿಯಂ ಅಥವಾ ಥೋರಿಯಂ ಕಾರ್ಬೈಡ್, ಅಂದರೆ ಆ ಲೋಹಕ್ಕೆ ಇಂಗಾಲ ಕೂಡಿದ ವಸ್ತು.

ಎರಡನೆಯದು ಮಾತ್ರ ಒಳ್ಳೆ ಪ್ರಶ್ನೆ. ಕೆನಡಾದ ವ್ಯಾಂಕೂವರ್‌ನಲ್ಲಿರೋ ಟ್ರಯಂಫ್ ಕೇಂದ್ರದಲ್ಲಿ ಯುರೇನಿಯಂ ಕಾರ್ಬೈಡ್ ಬಿಲ್ಲೆಗಳಿಗೆ ಪ್ರೋಟಾನ್ ಹೊಡೀತಾರೆ. ಯುರೇನಿಯಂ ಚೂರಾಗುತ್ತೆ, ಆ ಚೂರುಗಳಲ್ಲಿ ನೀವು ಕೇಳಿದ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಐಸೊಟೋಪ್, ಆಕ್ಟಿನಿಯಂ-225 ಕೂಡ ಇರುತ್ತೆ. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿಹೋಗೋಕೆ ಹಿಡಿಯೋ ಕಾಲ, ಸುಮಾರು 10 ದಿನ. ಹುಟ್ಟಿಸೋದು ದೊಡ್ಡ ವಿಷಯ ಅಲ್ಲ, ಹೊರಗೆ ತರೋದೇ ಕಷ್ಟ. ಬಿಲ್ಲೆಯನ್ನು ಹತ್ತಿರ ಹತ್ತಿರ 2000 ಡಿಗ್ರಿಗೆ ಕಾಯಿಸಿದರೆ ಆಕ್ಟಿನಿಯಂ ಪರಮಾಣು ಕಾರ್ಬೈಡ್ ಪುಡಿಯ ಕಣದೊಳಗಿಂದ ತೆವಳಿಕೊಂಡು ಬಂದು, ಸಂದುಗಳಲ್ಲಿ ದಾರಿ ಹುಡುಕಿ, ಕೊನೆಗೆ ಆಚೆ ಬೀಳುತ್ತೆ. ಯುರೇನಿಯಂ ಲೋಹ 1132 ಡಿಗ್ರಿಗೇ ಕರಗಿ ನೀರಾಗುತ್ತೆ. ಆಕ್ಸೈಡ್ ಬಿಸಿ ತಡೆಯುತ್ತೆ, ಆದರೆ ಶಾಖ ಸರಿಯಾಗಿ ಹಾಯಿಸಲ್ಲ, ಅದರ ಆಮ್ಲಜನಕ ಬೇರೆ ತಲೆನೋವು. ಕಾರ್ಬೈಡ್ ಕರಗಲ್ಲ, ಜಾಸ್ತಿ ಆವಿಯಾಗಲ್ಲ, ಶಾಖವನ್ನೂ ಬೇಗ ಸಾಗಿಸುತ್ತೆ.

ಆದರೂ ಪುಡಿಯನ್ನು ಗಟ್ಟಿಯಾಗಿ ಒತ್ತಿ ಬಿಲ್ಲೆ ಮಾಡಿದಷ್ಟೂ ಒಳ್ಳೇದು ಅಂತ ಸುಮ್ನೆ ಅಂದುಕೊಳ್ಳಬೇಡಿ. ಮಂಡ್ಯದ ಬೆಲ್ಲದ ಅಚ್ಚಿನ ನಡುವೆ ಸಿಕ್ಕಿಕೊಂಡ ಇರುವೆಗೆ ದಾರಿ ಎಲ್ಲಿದೆ? ಕಡ್ಲೆಪುರಿ ಮೂಟೆಯಲ್ಲಾದರೆ ಸಂದಿಯಲ್ಲೇ ನುಸುಳಿ ಬರುತ್ತೆ. ಅದಕ್ಕೇ ಕಣ ಸಣ್ಣದಿರಬೇಕು, ತೂತು ಜಾಸ್ತಿ ಇರಬೇಕು, ನಡುವೆ ಒಂದಿಷ್ಟು ಗ್ರಾಫೈಟ್ ಉಳಿಸಿರಬೇಕು. ಕಾಯುತ್ತಾ ಕಾಯುತ್ತಾ ಕಣಗಳು ಒಂದಕ್ಕೊಂದು ಅಂಟಿ ತೂತು ಮುಚ್ಚುತ್ತವೆ, ಇಳುವರಿ ಇಳಿಯುತ್ತೆ. ಎಲ್ಲರೂ ಪ್ರೋಟಾನ್ ಎಷ್ಟು ಜೋರು ಅಂತಲೇ ಕೇಳ್ತಾರೆ, ತೂತಿನ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ.

ಒಂದು ಗುಣ ಮಾತ್ರ ಮಾವಿನಕಾಯಿ ಪುಡಿದೇ: ನೀರು ಕಂಡರೆ ಆಗಲ್ಲ. ಹಿಂದೊಮ್ಮೆ, ವಿಕಿರಣವಿಲ್ಲದ ಲ್ಯಾಂಥನಂ ಕಾರ್ಬೈಡ್ ಬಿಲ್ಲೆಯನ್ನು ಅಭ್ಯಾಸಕ್ಕೆ ಮಾಡಿ, ಮಳೆಗಾಲದ ಒಂದು ಸಂಜೆ ಮುಚ್ಚಳ ಬಿಗಿ ಮಾಡದೆ ಹೋಗಿದ್ದೆ. ಬೆಳಿಗ್ಗೆ ಬಂದರೆ ಡಬ್ಬಿಯಲ್ಲಿ ಬಿಲ್ಲೆಯೇ ಇಲ್ಲ, ಬೂದು ಪುಡಿ ಅಷ್ಟೇ, ಮೂಗಿಗೆ ಗ್ಯಾಸ್ ವೆಲ್ಡಿಂಗ್ ಅಂಗಡಿ ವಾಸನೆ. ಯುರೇನಿಯಂ ಕಾರ್ಬೈಡ್ ಪುಡಿ ಗಾಳಿಗೆ ತಾಗಿದರೆ ಹೊತ್ತಿಕೊಳ್ಳಲೂಬಹುದು. ಅದಕ್ಕೇ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೇ ಕೆಲಸ. ಆ ಮುಚ್ಚಳ ಆದಮೇಲೆ ಎಲ್ಲವನ್ನೂ ಎರಡೆರಡು ಸಲ ನೋಡೋ ರೋಗ ಅಂಟಿದೆ ನನಗೆ.

ಪ್ರಶ್ನೆ: ಮಗನ ಪ್ರಾಜೆಕ್ಟಿಗೆ ಮನೇಲೇ ಸಣ್ಣ ಟಾರ್ಗೆಟ್ (ಪ್ರೋಟಾನ್ ಹೊಡೆಯೋ ಬಿಲ್ಲೆ) ಮಾಡಬಹುದಾ? (ಮದ್ದೂರು)

ಬೇಡ. ಕಡ್ಲೆಪುರಿ ಮಾದರಿ ಮಾಡಿಸಿ.

ಪ್ರಶ್ನೆ: ಟೆಕ್ನೀಷಿಯಂ ಅನ್ನೋ ವಿಕಿರಣ ವಸ್ತು ಕೊಟ್ಟು ಮಾಡೋ ಸ್ಕ್ಯಾನ್ ಆದಮೇಲೆ ವಿಕಿರಣ ಹೀರೋ ತಾಮ್ರದ ತಾಯಿತ ಕಟ್ಟಿಕೊಳ್ಳಿ ಅಂತ 1500 ರೂಪಾಯಿ ಕೇಳ್ತಿದ್ದಾರೆ. ಕೊಡಲಾ? (ಮಂಡ್ಯ)

ಕೊಟ್ಟರೆ ದುಡ್ಡು ಹೋಗುತ್ತೆ, ವಿಕಿರಣ ಹೋಗಲ್ಲ. ಟೆಕ್ನೀಷಿಯಂ-99ಎಂ 6 ಗಂಟೆಗೊಮ್ಮೆ ತಾನೇ ಅರ್ಧಕ್ಕಿಳಿಯುತ್ತೆ. ಡಾಕ್ಟರು ಬೇಡ ಅಂದಿಲ್ಲದಿದ್ದರೆ ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ಕಟ್ಟಬೇಡಿ, ಆ ದಿನ ಪುಟ್ಟ ಮಕ್ಕಳನ್ನು ಎತ್ತಿಕೊಂಡು ಕೂರಬೇಡಿ. ತಾಯಿತದವನಿಗೆ ಅರ್ಧಾಯು ಅಂದರೇನು ಅಂತ ಒಂದು ಸಲ ಕೇಳಿ ನೋಡಿ.