ನಿನಗೆ ಸರಿ ಕಂಡಂತೆ ಮಾಡು

ಕರಾವಳಿಯಲ್ಲಿ ಆಪ್ತಸಲಹೆಗೆ ಕುಳಿತವರು ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಗಂಡ ಕೊಲ್ಲಿ ದೇಶದಲ್ಲಿ, ಹೆಂಡತಿ ಇಲ್ಲಿ. ಮನೆಯಲ್ಲಿ ಏನಾದರೂ ತೀರ್ಮಾನವಾಗಬೇಕಾದಾಗ ಫೋನಿನಲ್ಲಿ ಬರುವ ಉತ್ತರ ಒಂದೇ: "ನಿನಗೆ ಸರಿ ಕಂಡಂತೆ ಮಾಡು." ಹೇಳುವವರಿಗೆ ಅದು ನಂಬಿಕೆ. ಕೇಳುವವರಿಗೆ, ಅದರಲ್ಲೂ ಮಗುವಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ, ಅದು ಹೊರೆ. ಇಂಥ ಮೂರು ನಾಲ್ಕು ತಾಯಂದಿರನ್ನು ಕಂಡ ಮೇಲೆ ಒಂದು ಪ್ರಕರಣವನ್ನಾದರೂ ಬರೆಯಲೇಬೇಕು ಅನ್ನಿಸಿತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಉಡುಪಿಗೆ ಹತ್ತಿರದ ಊರಿನವರು ಆಕೆ. ಬಂದದ್ದು ಮಗನಿಗಾಗಿ ಅಲ್ಲ, ತನಗೆ ನಿದ್ದೆ ಬರುತ್ತಿಲ್ಲವೆಂದು. ಗಂಡ ಕುವೈತ್‌ನಲ್ಲಿ, ಮನೆಯಲ್ಲಿ ಅತ್ತೆ ಮತ್ತು 5 ವರ್ಷದ ಮಗ. ಮಗನಿಗೆ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯಲ್ಲಿರುವ ಅಡೆನಾಯ್ಡ್ ಎರಡೂ ದಪ್ಪವಾಗಿವೆ, ತೆಗೆಸುವುದು ಒಳ್ಳೆಯದು ಎಂದು ಕಿವಿ ಮೂಗು ಗಂಟಲಿನ ವೈದ್ಯರು ಹೇಳಿ ಮೂರು ತಿಂಗಳಾಗಿತ್ತು. ಆ ಕಡತ ಆಕೆಯ ಬ್ಯಾಗಿನಲ್ಲೇ ಓಡಾಡುತ್ತಿತ್ತು.

ಅತ್ತೆ ಒಪ್ಪುತ್ತಿರಲಿಲ್ಲ. "ಮೂಗಿನಲ್ಲಿ ಮಾಂಸ ಬೆಳೆಯುವುದು ಮಕ್ಕಳಿಗೆಲ್ಲ ಇದ್ದದ್ದೇ, ದೊಡ್ಡವನಾದಂತೆ ಹೋಗುತ್ತದೆ" ಎನ್ನುತ್ತಿದ್ದರು. ಅವರನ್ನು ತಿಳಿಯದವರೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅಡೆನಾಯ್ಡ್ ಸುಮಾರು 3ರಿಂದ 7 ವರ್ಷದ ನಡುವೆ ಅತಿ ದಪ್ಪವಾಗಿದ್ದು, ಆಮೇಲೆ ನಿಧಾನವಾಗಿ ಕುಗ್ಗುವುದು ನಿಜ. ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ಓದಿ ಇನ್ನೊಂದು ಲೆಕ್ಕವನ್ನೂ ತಂದಿದ್ದರು: ವರ್ಷಕ್ಕೆ 7 ಸಲ, ಅಥವಾ ಸತತ 2 ವರ್ಷ 5 ಸಲದಂತೆ, ಅಥವಾ 3 ವರ್ಷ 3 ಸಲದಂತೆ ಗಂಟಲು ಸೋಂಕಿ ಜ್ವರ ಬಂದರೆ ಮಾತ್ರ ಟಾನ್ಸಿಲ್ ತೆಗೆಸುವ ಯೋಚನೆ. ಅದೂ ನಿಜವೇ. ಈ ಹುಡುಗನಿಗೆ ಆ ವರ್ಷ ಜ್ವರ ಬಂದದ್ದು ಮೂರೇ ಸಲ. ಆದರೆ ಅದು ಸೋಂಕಿನ ಲೆಕ್ಕ. ರಾತ್ರಿ ಉಸಿರು ಕಟ್ಟುವ ಮಗುವಿಗೆ ಆ ಲೆಕ್ಕ ಹೊಂದುವುದಿಲ್ಲ ಎಂಬುದನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಮೂರನೆಯ ಭೇಟಿಯಲ್ಲಿ ನಾನು ಕೇಳಿದೆ: "ನಿಮಗೆ ನಿದ್ದೆ ಬರುತ್ತಿಲ್ಲವೋ, ಅಥವಾ ನೀವೇ ಎಚ್ಚರವಿರುತ್ತೀರೋ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಬೈಲ್ ತೆಗೆದು ನನ್ನ ಮುಂದಿಟ್ಟರು. ಮಂಚದ ಮೇಲೆ ಹುಡುಗ ಅಂಗಾತ ಮಲಗಿದ್ದಾನೆ, ಬಾಯಿ ತೆರೆದಿದೆ, ಕತ್ತು ಹಿಂದಕ್ಕೆ ಬಾಗಿದೆ, ಬನಿಯನ್ ಬೆವರಿನಲ್ಲಿ ಒದ್ದೆ. ದೊಡ್ಡವರ ಹಾಗೆ ಗೊರಕೆ. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಎದೆ ಮಾತ್ರ ಒಳಕ್ಕೆ ಸೆಳೆಯುತ್ತಿದೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ಗಾಳಿ ಹೋಗುತ್ತಿಲ್ಲ. ಹಿನ್ನೆಲೆಯಲ್ಲಿ ಆಕೆಯ ಪಿಸುಮಾತು ಕೇಳಿಸಿತು: ಒಂದು, ಎರಡು, ಮೂರು. ಹನ್ನೊಂದಕ್ಕೆ ಹುಡುಗ ಬೆಚ್ಚಿಬಿದ್ದವನಂತೆ ಉಸಿರೆಳೆದು ಮಗ್ಗುಲು ಬದಲಿಸಿದ.

"ಡಾಕ್ಟರಿಗೆ ತೋರಿಸಿದ್ದೀರಾ?"

"ಅವರು ಕೇಳಲಿಲ್ಲ."

"ಗಂಡನಿಗೆ?"

"ಅಲ್ಲಿ ಅವರು ಒಬ್ಬರೇ ಇರುವುದು. ಇದನ್ನು ನೋಡಿದರೆ ಅವರಿಗೆ ಅನ್ನ ಸೇರುತ್ತದೆಯೇ?"

ಆಮೇಲೆ ಆಕೆ ತುಳುವಿನಲ್ಲಿ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. "ನಾನು ಸಹಿ ಹಾಕಿ ಏನಾದರೂ ಆದರೆ ನಾನು ಮಾಡಿದ್ದು ಅನ್ನುತ್ತಾರೆ. ಸಹಿ ಹಾಕದೆ ಏನಾದರೂ ಆದರೆ ಹಣೆಬರಹ ಅನ್ನುತ್ತಾರೆ."

ಮೂರು ತಿಂಗಳಿಂದ ಕಡತ ಬ್ಯಾಗಿನಲ್ಲಿದ್ದದ್ದು ಇದಕ್ಕೇ. ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರಲ್ಲಿ ಒಬ್ಬರ ಸಹಿ ಸಾಕು. ಆದರೆ ಆ ಒಂದು ಸಹಿಯ ಹಿಂದೆ ಇಡೀ ಮನೆ ಇಲ್ಲದಿದ್ದರೆ ಕೈ ಏಳುವುದಾದರೂ ಹೇಗೆ?

ನಾನು ಮೂರು ಕೆಲಸ ಹೇಳಿದೆ. ವಿಡಿಯೊವನ್ನು ಅದೇ ರಾತ್ರಿ ಗಂಡನಿಗೆ ಕಳುಹಿಸುವುದು. ಅತ್ತೆಯನ್ನು ಒಂದು ರಾತ್ರಿ ಮಗುವಿನ ಪಕ್ಕದಲ್ಲಿ ಮಲಗಿಸುವುದು. ಅದೇ ವಿಡಿಯೊ ಹಿಡಿದು ವೈದ್ಯರ ಬಳಿ ಮತ್ತೆ ಹೋಗುವುದು.

ಸಹೋದ್ಯೋಗಿಯೊಬ್ಬರು ಇದನ್ನು ಆಕ್ಷೇಪಿಸಿದರು. ನಾನು ಆಕೆಯನ್ನು ಶಸ್ತ್ರಚಿಕಿತ್ಸೆಯ ಕಡೆಗೆ ದೂಡಿದೆ, ಅದು ಆಪ್ತಸಲಹೆಗಾರರ ಕೆಲಸವಲ್ಲ ಎಂಬುದು ಅವರ ಮಾತು. ನಾನು ಒಪ್ಪುವುದಿಲ್ಲ. ಮಾಡಿಸಿ ಎಂದೂ ಬೇಡ ಎಂದೂ ನಾನು ಹೇಳಲಿಲ್ಲ. ವಿಡಿಯೊ ನೋಡಿದ ವೈದ್ಯರು ಕೆಲವು ವಾರ ಮೂಗಿಗೆ ಸ್ಪ್ರೇ ಹಾಕಿ ನೋಡೋಣ ಎಂದಿದ್ದರೆ, ಅಥವಾ ಆಸ್ಪತ್ರೆಯಲ್ಲಿ ಒಂದು ರಾತ್ರಿ ನಿದ್ರಾ ಪರೀಕ್ಷೆ ಮಾಡೋಣ ಎಂದಿದ್ದರೆ ಅದೂ ಸರಿಯಾದ ದಾರಿಯೇ. ಒಬ್ಬಳೇ ಕಂಡದ್ದನ್ನು ಮೂವರೂ ಕಾಣಲಿ ಎಂಬುದಷ್ಟೇ ನನ್ನ ಹಟ. ಹೆದರಬಾರದೆಂದು ಗಂಡನಿಂದ ಮುಚ್ಚಿಟ್ಟರೆ, ಹೆದರಿಕೆಯ ಅವನ ಪಾಲನ್ನೂ ಅವಳೇ ಹೊರಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ನಮ್ಮಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಎಂಟೂವರೆ. ಕೆಲಸ ಮುಗಿಸಿ ಬಂದ ಗಂಡ ವಿಡಿಯೊ ನೋಡಿ ಕೂಗಾಡಿದರಂತೆ: "ಇಷ್ಟು ದಿನ ನನ್ನಿಂದ ಮುಚ್ಚಿಟ್ಟೆಯಾ?" ಮರುದಿನ ಆಕೆ ನನ್ನ ಮುಂದೆ ಕುಳಿತು ಅತ್ತರು. ಆ ಸಿಟ್ಟು ಬರಬಹುದೆಂದು ನಾನು ಮೊದಲೇ ಎಚ್ಚರಿಸಬೇಕಿತ್ತು. ಈಗ ಎಲ್ಲರಿಗೂ ಹೇಳುತ್ತೇನೆ.

ಅತ್ತೆ ಆ ರಾತ್ರಿ ಮೂರು ಸಲ ಎದ್ದು ಮೊಮ್ಮಗನನ್ನು ಮಗ್ಗುಲಿಗೆ ಹೊರಳಿಸಿದರಂತೆ. ಬೆಳಿಗ್ಗೆ ಹೇಳಿದ್ದು ಇಷ್ಟೇ: "ಆಟಿ ಕಳೆಯಲಿ." ಆಟಿ ಎಂದರೆ ಶುಭಕಾರ್ಯಕ್ಕೆ ಆಗದೆಂದು ತುಳುನಾಡಿನಲ್ಲಿ ನಂಬುವ ಮಳೆಗಾಲದ ತಿಂಗಳು. ವಾದಿಸಬೇಡಿ, ಅಷ್ಟು ದಿನ ಕಾಯಬಹುದೇ ಎಂದು ವೈದ್ಯರನ್ನೇ ಕೇಳಿ ಎಂದೆ. ಶಸ್ತ್ರಚಿಕಿತ್ಸೆಗೆ ಸಿಕ್ಕಿದ ದಿನಾಂಕ ಆಟಿಯ ಮರುತಿಂಗಳಾದ ಸೋಣದಲ್ಲೇ ಇತ್ತು.

ಗಂಡ ರಜೆ ಹಾಕಿ ವಿಡಿಯೊ ಕರೆಯಲ್ಲಿ ವೈದ್ಯರ ಮುಂದೆ ಕುಳಿತರು. ಇವನ್ನು ತೆಗೆದರೆ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆಯೇ ಎಂದು ಕೇಳಿದರು. ಆ ಕೆಲಸ ಮಾಡುವ ಅಂಗಾಂಶಗಳು ದೇಹದಲ್ಲಿ ಬೇರೆಯೂ ಇವೆ ಎಂಬ ಉತ್ತರ ಬಂತು. ಶಸ್ತ್ರಚಿಕಿತ್ಸೆಯ ನಂತರ ಗಂಟಲಲ್ಲಿ ಕಾಣುವ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವ ಲಕ್ಷಣ. ಕಿವಿ ನೋಯಬಹುದು. 5ರಿಂದ 10ನೆಯ ದಿನದೊಳಗೆ ರಕ್ತ ಕಂಡರೆ, ಎಷ್ಟೇ ಕಡಿಮೆಯಿದ್ದರೂ, ನೇರ ಆಸ್ಪತ್ರೆಗೆ. ಇವನ್ನೆಲ್ಲ ಮೂವರೂ ಒಟ್ಟಿಗೆ ಕೇಳಿಸಿಕೊಂಡರು. ಪರೀಕ್ಷೆಯಲ್ಲಿ ಕಿವಿಪರದೆಯ ಹಿಂದೆ ನೀರು ನಿಂತದ್ದೂ ತಿಳಿಯಿತು. ಅದು ತಾನಾಗಿ ಇಂಗುವುದೂ ಉಂಟು, ಸುಮಾರು ಮೂರು ತಿಂಗಳು ಕಾದು ನೋಡುತ್ತಾರೆ. ಕರೆದರೆ ತಿರುಗಿ ನೋಡುವುದಿಲ್ಲ ಎಂದು ಶಾಲೆಯಿಂದ ಬರುತ್ತಿದ್ದ ದೂರಿಗೆ ಕಾರಣ ಸಿಕ್ಕಿತು. ಹುಡುಗನನ್ನು ಮುಂದಿನ ಬೆಂಚಿಗೆ ಕೂರಿಸಿದರು.

ಮಲ್ಪೆಯ ಕಡಲತೀರಕ್ಕೆ ಹೋಗೋಣ ಎಂದು ಹೇಳಿ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯುವ ಯೋಚನೆ ಆಕೆಗಿತ್ತು. ಅದಕ್ಕೆ ನಾನು ಖಂಡಿತ ಬೇಡ ಎಂದೆ. ಹುಡುಗನಿಗೆ ಇದ್ದದ್ದನ್ನೇ ಹೇಳಿದರು: ನಿದ್ದೆ ಬರುವ ಔಷಧಿ ಕೊಡುತ್ತಾರೆ, ಎದ್ದಾಗ ಗಂಟಲು ನೋಯುತ್ತದೆ, ಅಮ್ಮ ಪಕ್ಕದಲ್ಲಿರುತ್ತಾಳೆ. ಅವನು ಕೇಳಿದ್ದು ಒಂದೇ, ಅಜ್ಜಿಯೂ ಬರುತ್ತಾಳಾ ಎಂದು.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು ಆರಿಸಿ ಕುಡಿಸುತ್ತಿದ್ದರು. ಎಂಟನೆಯ ರಾತ್ರಿ ಎರಡು ಗಂಟೆಗೆ ಹುಡುಗ ಉಗುಳಿದಾಗ ದಿಂಬಿನ ಮೇಲೆ ರಕ್ತ ಕಂಡಿತು. ತಾಯಿಗೆ ಕೈಕಾಲು ಆಡಲಿಲ್ಲ. ಅತ್ತೆ ಟಾರ್ಚ್ ಹಿಡಿದು ಮಳೆಯಲ್ಲೇ ಹೋಗಿ ಪಕ್ಕದ ಮನೆಯ ರಿಕ್ಷಾ ಚಾಲಕನನ್ನು ಎಬ್ಬಿಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತ ನಿಂತಿತ್ತು. ಆದರೂ ಒಂದು ದಿನ ಅಲ್ಲೇ ಇರಿಸಿಕೊಂಡು ನೋಡಿದರು.

ಬೆಳಿಗ್ಗೆ ಕುವೈತ್‌ಗೆ ಫೋನ್ ಮಾಡಿದವರು ಅತ್ತೆ. "ರಕ್ತ ಬಂದಿತ್ತು. ಬರಬಹುದೆಂದು ಡಾಕ್ಟರು ನಮಗೆ ಮೊದಲೇ ಹೇಳಿದ್ದರಲ್ಲ. ನಾವಿಬ್ಬರೂ ಕರೆದುಕೊಂಡು ಬಂದೆವು" ಎಂದರಂತೆ. ನನಗೆ ಇದನ್ನು ಹೇಳುವಾಗ ಆಕೆ "ನಾವಿಬ್ಬರೂ" ಎಂಬುದನ್ನು ಎರಡು ಸಲ ಹೇಳಿದರು.